ಶರಣಾಗತಿಯ ಸಂಕೇತ: ತೂಗುವ ಮನುಷ್ಯನೂ ಬಲಿ ಚಕ್ರವರ್ತಿಯೂ

ಸಂಕೇತವೆಂಬುದು ನೋಡುವವನು ನಿಂತ ನೆಲೆಯನ್ನು ಅನುಸರಿಸಿ ಅರ್ಥವನ್ನು ಕೊಡತಕ್ಕದ್ದು. ಕುದೂರಿನ ಸೀಮೆಯವರಿಗೆ ಇದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಸಮೀಪದ ಶಿವಗಂಗೆಯ ಬೆಟ್ಟವು ಮೂಡಲಿಂದ ನೋಡುವವರಿಗೆ ಬಸವನಾಗಿಯೂ, ಪಡುವಲಿಂದ ಗಣಪತಿಯಾಗಿಯೂ, ತೆಂಕಲಿಂದ ಲಿಂಗವಾಗಿಯೂ, ಬಡಗಲಿಂದ ಸರ್ಪವಾಗಿಯೂ ತೋರುವುದೆಂದು ಹಿರಿಯರು ಹೇಳುತ್ತ ಬಂದಿರುವರು. ಬೆಟ್ಟವೊಂದೇ, ನೋಟ ನಾಲ್ಕು. ಆದರೆ ನೋಟಗಳು ಹಲವೆಂದ ಮಾತ್ರಕ್ಕೆ ಕಂಡದ್ದೆಲ್ಲವೂ ಸರಿಯೆಂದಾಗದು. ಬೆಟ್ಟದ ಬಂಡೆಯು ಯಾವ ಆಕಾರಕ್ಕೆ ಒಪ್ಪುವುದೋ ಆ ಆಕಾರವನ್ನೇ ಅದರಲ್ಲಿ ಕಾಣಬೇಕು. ಪಾಶ್ಚಾತ್ಯರ ಟ್ಯಾರೋ ಎಂಬ ಎಲೆಗಳಲ್ಲಿ 12ನೆಯದಾದ ‘ತೂಗುವ ಮನುಷ್ಯ’ನನ್ನು ನೋಡುವಾಗಲೂ ಈ ವಿವೇಕವು ಅವಶ್ಯಕ. ಈಚೆಗೆ ಕನ್ನಡಿಗರ ನಡುವೆಯೂ ಆ ಎಲೆಗಳನ್ನು ಹರಡಿ ಫಲ ಹೇಳುವವರು ಕಾಣಿಸಿಕೊಂಡಿರುವರು. ಈ ಎಲೆಯು ಬಂದಾಗ ‘ಇದು ಶರಣಾಗತಿಯ ಎಲೆ, ಸುಮ್ಮನಿರಿ, ಕಾಲವನ್ನು ಕಾಯಿರಿ’ ಎಂದು ಉಪದೇಶಿಸುವರು. ಶರಣಾಗತಿಯೆಂಬ ಮಾತು ಈ ನಾಡಿನಲ್ಲಿ ಹಗುರವಾದುದಲ್ಲವಾದ್ದರಿಂದ ಆ ಉಪದೇಶವನ್ನು ಪರೀಕ್ಷಿಸುವುದು ಯುಕ್ತ.

ಮೊದಲು ಚಿತ್ರದ ವಿಚಾರ. 1909ರಲ್ಲಿ ಎ. ಇ. ವೇಟ್ ಎಂಬವರ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಚಿತ್ರಕಾರ್ತಿ ಬರೆದ ಎಲೆಯೇ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು. ಚಿಗುರೆಲೆಗಳುಳ್ಳ ಮರದ ತೊಲೆಯಿಂದ ಒಬ್ಬ ತರುಣನು ಒಂದೇ ಕಾಲಿನಿಂದ ತಲೆಕೆಳಗಾಗಿ ತೂಗುತ್ತಿರುವನು. ಇನ್ನೊಂದು ಕಾಲು ಮಡಿಸಿದೆ. ಕೈಗಳು ಬೆನ್ನ ಹಿಂದಿವೆ. ಮುಖದಲ್ಲಿ ಯಾತನೆಯಿಲ್ಲ, ತಲೆಯ ಸುತ್ತ ಪ್ರಭಾವಳಿಯಿದೆ. ಈ ಪ್ರಭಾವಳಿಯು ಹಳೆಯದಲ್ಲ. 15ನೆಯ ಶತಮಾನದ ಇಟಲಿಯಲ್ಲಿ ಈ ಎಲೆಗಳು ಆಟಕ್ಕಾಗಿ ಹುಟ್ಟಿದವು. ಅಲ್ಲಿ ಈ ಎಲೆಗೆ ‘ದ್ರೋಹಿ’ ಎಂಬ ಹೆಸರೂ ಇದ್ದಿತು. ಆ ಕಾಲದ ಫ್ಲಾರೆನ್ಸ್ ನಗರದಲ್ಲಿ ದ್ರೋಹಿಗಳನ್ನು ತಲೆಕೆಳಗಾಗಿ ತೂಗುವಂತೆ ಗೋಡೆಯ ಮೇಲೆ ಚಿತ್ರಿಸಿ ಮಾನ ಕಳೆಯುವ ಪದ್ಧತಿಯಿದ್ದಿತು. 1781ರಲ್ಲಿ ಕೂರ್ ದ ಜೆಬೆಲೆನ್ ಎಂಬ ಫ್ರೆಂಚ್ ವಿದ್ವಾಂಸನು ಇದು ‘ವಿವೇಕ’ದ ಚಿತ್ರವೆಂದೂ, ಅಚ್ಚಿನವರು ಪ್ರಮಾದದಿಂದ ತಲೆಕೆಳಗು ಮಾಡಿದರೆಂದೂ ಊಹಿಸಿದನು. ಇಂತು ಒಂದೇ ಆಕೃತಿಯು ದ್ರೋಹಿಯಾಗಿ, ವಿವೇಕಿಯಾಗಿ, ಕಡೆಗೆ ಶರಣನಾಗಿ ಅರ್ಥಾಂತರವನ್ನು ಪಡೆಯಿತು. ಅರ್ಥವು ಬೆಳೆಯುವುದು ದೋಷವಲ್ಲ. ಕಾವ್ಯದಲ್ಲಿಯೂ ಅದು ಬೆಳೆಯುವುದು. ಆದರೆ ಶಿಕ್ಷೆಯ ಚಿತ್ರವೇ ಶರಣಾಗತಿಯ ಚಿತ್ರವಾದಾಗ ಒಂದು ಪ್ರಶ್ನೆ ಏಳದೆ ಇರದು: ಕಟ್ಟಿಸಿಕೊಂಡವನು ಶರಣನೋ, ಒಪ್ಪಿಸಿಕೊಂಡವನು ಶರಣನೋ?

ಈ ಪ್ರಶ್ನೆಗೆ ಉತ್ತರವು ಈ ನಾಡಿನ ಎಲೆಗಳಲ್ಲಿಯೇ ದೊರೆಯುವುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಗಂಜೀಫಾ ಎಲೆಗಳಾಟಕ್ಕೆ ಆಶ್ರಯವಿತ್ತರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಆ ಆಟಗಳ ವಿವರಣೆಯಿದೆ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹತ್ತು ವರ್ಗಗಳು, ವರ್ಗಕ್ಕೆ 12ರಂತೆ 120 ದುಂಡೆಲೆಗಳು. ಅವುಗಳಲ್ಲಿ ವಾಮನನ ವರ್ಗಕ್ಕೆ ಸಾಮಾನ್ಯವಾಗಿ ಬರುವ ಗುರುತು ನೀರಿನ ಪಾತ್ರೆ. ಬಲಿಯು ಮೂರು ಹೆಜ್ಜೆ ನೆಲವನ್ನು ಧಾರೆಯೆರೆದ ಕಥೆಯನ್ನು ಬಲ್ಲವರಿಗೆ ಆ ಪಾತ್ರೆಯ ಅರ್ಥವು ತಾನೇ ಹೊಳೆಯುವುದು. ಪಾಶ್ಚಾತ್ಯ ಎಲೆಯಲ್ಲಿ ಮುಖ್ಯವಾದುದು ಹಗ್ಗ. ಇಲ್ಲಿ ಮುಖ್ಯವಾದುದು ಧಾರೆಯ ನೀರು. ಇವೆರಡರ ಭೇದವೇ ಈ ವಿಮರ್ಶೆಯ ಸಾರ.

ಭಾಗವತದ ಎಂಟನೆಯ ಸ್ಕಂಧದಲ್ಲಿ ಬಲಿಯೂ ಕಟ್ಟಲ್ಪಡುವನು. ವರುಣಪಾಶವು ಅವನನ್ನು ಬಿಗಿಯುವುದು; ಎರಡು ಹೆಜ್ಜೆಗಳಿಗೆ ಲೋಕಗಳೆಲ್ಲವೂ ಸಂದುಹೋಗಿ ಮೂರನೆಯದಕ್ಕೆ ಅವನು ತಲೆಯನ್ನು ಒಡ್ಡುವನು. ತೂಗುವ ಮನುಷ್ಯನಲ್ಲಿಯೂ ತಲೆಯು ಕಾಲಿಗಿಂತ ಕೆಳಗಿದೆ, ಬಲಿಯಲ್ಲಿಯೂ ತಲೆಯು ಪಾದದ ಕೆಳಗಿದೆ. ಹೊರಗಣ್ಣಿಗೆ ಸಾದೃಶ್ಯವು ಸಂಪೂರ್ಣ. ಆದರೆ ಕ್ರಮವನ್ನು ಗಮನಿಸಬೇಕು. ಗುರುವಾದ ಶುಕ್ರಾಚಾರ್ಯನು ಬಂದವನು ಯಾರೆಂಬುದನ್ನು ಮೊದಲೇ ತಿಳಿಸಿದ್ದನು, ಬೇಡವೆಂದಿದ್ದನು, ಆಡಿದ ಮಾತಿಗೆ ತಪ್ಪಲು ಶಾಸ್ತ್ರದ ದಾರಿಯನ್ನೂ ತೋರಿಸಿದ್ದನು, ಕೇಳದಿರಲು ಶಪಿಸಿದನು. ರಾಜ್ಯವು ಕೈಯಲ್ಲಿರುವಾಗ, ಇಲ್ಲವೆನ್ನುವ ಶಕ್ತಿ ನಾಲಗೆಯಲ್ಲಿರುವಾಗ, ಫಲವನ್ನು ಬಲ್ಲವನಾಗಿ ಬಲಿಯು ಧಾರೆಯೆರೆದನು. ಹಗ್ಗವು ಬಂದುದು ಅನಂತರ. ಆದುದರಿಂದ ಶರಣಾಗತಿಯು ಹಗ್ಗದಲ್ಲಿಲ್ಲ, ನೀರಿನಲ್ಲಿದೆ. ನವವಿಧ ಭಕ್ತಿಯಲ್ಲಿ ಕಡೆಯದಾದ ಆತ್ಮನಿವೇದನಕ್ಕೆ ಬಲಿಯನ್ನೇ ದೃಷ್ಟಾಂತವಾಗಿ ಹಿರಿಯರು ಹೇಳಿದುದರ ಔಚಿತ್ಯವಿದು. ಕಥೆಯ ಕೊನೆಯೂ ಇದಕ್ಕೆ ಸಾಕ್ಷಿ: ಸುತಲದಲ್ಲಿ ಬಲಿಯ ಬಾಗಿಲನ್ನು ಕಾಯುವವನು ಅವನನ್ನು ಕಟ್ಟಿಸಿದವನೇ. ಬಲಿಪಾಡ್ಯಮಿಯಂದು ಮನೆಮನೆಯಲ್ಲಿ ಪೂಜೆಗೊಳ್ಳುವ ಬಲೀಂದ್ರನು ಸೋತ ದೊರೆಯಲ್ಲ, ಕೊಟ್ಟ ದೊರೆ.

ತಲೆಕೆಳಗಾಗಿ ತೂಗುವ ಇನ್ನೊಬ್ಬನನ್ನೂ ಪುರಾಣವು ಬಲ್ಲುದು. ಸಶರೀರನಾಗಿ ಸ್ವರ್ಗಕ್ಕೆ ಹೋಗಬಯಸಿದ ತ್ರಿಶಂಕುವು ವಸಿಷ್ಠನಿಂದ ನಿರಾಕೃತನಾಗಿ ವಿಶ್ವಾಮಿತ್ರನನ್ನು ಮೊರೆಹೊಕ್ಕನು. ಇಂದ್ರನು ನೂಕಲು, ಮುನಿಯು ತಡೆಯಲು, ನಡುವಾನಿನಲ್ಲಿ ತಲೆ ಕೆಳಗಾಗಿ ನಿಂತನು. ಅವನೂ ಶರಣೆಂದವನೇ. ಆದರೆ ತನ್ನನ್ನು ಒಪ್ಪಿಸಲಿಲ್ಲ, ತನ್ನ ಬಯಕೆಯನ್ನು ಹೊರಿಸಿದನು. ಅವನ ಮಗನೇ ಹರಿಶ್ಚಂದ್ರನು. ರಾಘವಾಂಕನ ಕಾವ್ಯದಲ್ಲಿ ಆ ಮಗನು ರಾಜ್ಯವನ್ನು ಬಿಟ್ಟನು, ಮಡದಿ ಮಕ್ಕಳನ್ನು ಮಾರಿದನು, ತಾನು ವೀರಬಾಹುಕನ ಆಳಾಗಿ ಸುಡುಗಾಡನ್ನು ಕಾದನು. ಸತ್ಯವೊಂದನ್ನು ಮಾತ್ರ ಬಿಡಲೊಲ್ಲನು. ತಂದೆಯು ಬಯಕೆಯನ್ನು ಹಿಡಿದು ತೂಗಿದನು. ಮಗನು ಸತ್ಯವನ್ನು ಹಿಡಿದು ನೆಲದ ಮೇಲೆ ನಿಂತನು. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ನಿಶ್ಚಯವಿಲ್ಲದ ಶರಣಾಗತಿಯು ತ್ರಿಶಂಕುಸ್ಥಿತಿಯೇ ಸರಿ.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಶ್ರೀವೈಷ್ಣವರಲ್ಲಿ ಮರ್ಕಟನ್ಯಾಯ, ಮಾರ್ಜಾಲನ್ಯಾಯ ಎಂಬ ಎರಡು ಪಕ್ಷಗಳುಂಟು: ಕೋತಿಯ ಮರಿಯು ತಾಯಿಯನ್ನು ತಾನೇ ಅವಚಿಕೊಳ್ಳುವುದು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡೊಯ್ಯುವುದು. ತೂಗುವ ಮನುಷ್ಯನು ಬೆಕ್ಕಿನ ಮರಿಯಂತೆ ಸುಮ್ಮನಿರುವುದರಲ್ಲಿ ತಪ್ಪೇನು? ತಪ್ಪಿಲ್ಲ, ಆದರೆ ಬೆಕ್ಕಿನ ಮರಿಯನ್ನು ಕಚ್ಚಿದ ಬಾಯಿ ತಾಯಿಯದು. ಕಚ್ಚಿದವರು ಯಾರೆಂದು ವಿಚಾರಿಸದೆ ಸುಮ್ಮನಿರೆಂದು ಹೇಳುವುದು ಪ್ರಪತ್ತಿಯ ಉಪದೇಶವಾಗಲಾರದು. ಆ ಮತದಲ್ಲಿಯೇ ಪ್ರಪತ್ತಿಗೆ ಹೇಳಿರುವ ಆರು ಅಂಗಗಳಲ್ಲಿ ಅನುಕೂಲವಾದುದರ ಸಂಕಲ್ಪವೂ ಪ್ರತಿಕೂಲವಾದುದರ ತ್ಯಾಗವೂ ಸೇರಿವೆ. ಎರಡೂ ಎಚ್ಚೆತ್ತ ಮನಸ್ಸಿನ ಕೆಲಸಗಳು. ಕೈಚೆಲ್ಲಿ ಮೊರೆಯಿಟ್ಟ ದ್ರೌಪದಿಯೂ ಅದಕ್ಕೆ ಮುನ್ನ, ತನ್ನನ್ನೇ ಸೋತವನಿಗೆ ಮಡದಿಯನ್ನು ಒಡ್ಡುವ ಅಧಿಕಾರವೆಲ್ಲಿಯದೆಂದು ಸಭೆಯನ್ನು ಕೇಳಿದ್ದಳು. ಶರಣಾಗತಿಯು ಆ ಪ್ರಶ್ನೆಯನ್ನು ನುಂಗಿಹಾಕಲಿಲ್ಲ.

ಎಲೆಯ ಫಲವನ್ನು ಕೇಳಲು ಬರುವವರು ಹೆಚ್ಚಾಗಿ ಬಲಿಯಂತೆ ಲೋಕಗಳನ್ನು ಆಳುವವರಲ್ಲ; ಸಾಲಕ್ಕೋ ರೋಗಕ್ಕೋ ಮನೆಯ ಕಲಹಕ್ಕೋ ಸಿಕ್ಕಿ ಬಳಲಿದವರು. ಅವರ ಮುಂದೆ ಹಗ್ಗದ ಚಿತ್ರವನ್ನಿಟ್ಟು, ಪ್ರಭಾವಳಿಯನ್ನು ತೋರಿಸಿ, ಇದೇ ಶರಣಾಗತಿಯೆಂದರೆ ದಾಸ್ಯಕ್ಕೆ ದೈವತ್ವವನ್ನು ಆರೋಪಿಸಿದಂತಾಗುವುದು. ಸ್ಮಿತ್ ಬರೆದ ಚಿತ್ರದ ಸೊಗಸನ್ನು ಅಲ್ಲಗಳೆಯಬೇಕಾಗಿಲ್ಲ. ಆ ಶಾಂತ ಮುಖವೂ, ಒಣಮರವಲ್ಲದೆ ಚಿಗುರಿದ ಮರವನ್ನು ಆರಿಸಿಕೊಂಡುದೂ ಕಲೆಗಾರ್ತಿಯ ಸೂಕ್ಷ್ಮದೃಷ್ಟಿಗೆ ಸಾಕ್ಷಿಗಳು. ಅದನ್ನು ಓದುವ ಬಗೆಯನ್ನು ಮಾತ್ರ ತಿದ್ದಿಕೊಳ್ಳಬೇಕು. ಸಹೃದಯರು ಆ ಎಲೆಯನ್ನು ಕಂಡಾಗ, ಈ ಮನುಷ್ಯನು ತೂಗುವುದಕ್ಕೆ ಮುನ್ನ ಏನನ್ನು ಧಾರೆಯೆರೆದನು, ಏನನ್ನು ಬಿಡಲೊಲ್ಲನಾದನು ಎಂದು ಕೇಳಲಿ. ಉತ್ತರವು ದೊರೆತರೆ ಅವನು ಶರಣ. ದೊರೆಯದಿದ್ದರೆ ಅವನು ಬರಿಯ ಬಂದಿ, ಅವನನ್ನು ಕಟ್ಟಿನಿಂದ ಬಿಡಿಸುವುದೇ ಧರ್ಮ.