52 ಶಾರ್ಟ್‌ಕಟ್, ಕೈಗೆ ಉಳಿದದ್ದು ಐದೇ

ಕೀಬೋರ್ಡ್ ಇರೋ ಫೋನ್ ತೆಗೆದರೆ ಆಫೀಸಲ್ಲಿ ಈಗಲೂ ನಗ್ತಾರೆ. "ಏನ್ ಗುರೂ, ಮ್ಯೂಸಿಯಮ್ಮಿಂದ ಎತ್ಕೊಂಡ್ ಬಂದ್ಯಾ?" ಅಂತ ಟೀಮಿನ ಹುಡುಗರು ಕೇಳ್ತಾರೆ. ನಗಲಿ ಬಿಡಿ. ನಾನು ಬ್ಲ್ಯಾಕ್‌ಬೆರಿ ಕೀಒನ್ ಕೊಂಡಿದ್ದು ಉದ್ದುದ್ದ ಮೇಲ್ ಟೈಪ್ ಮಾಡೋಕಲ್ಲ, ಅದರ ಶಾರ್ಟ್‌ಕಟ್ಟುಗಳ ಆಸೆಗೆ.

2017ರಲ್ಲಿ ಬಂದ ಈ ಆಂಡ್ರಾಯ್ಡ್ ಫೋನನ್ನು ತಯಾರಿಸಿದ್ದು ಟಿಸಿಎಲ್. 4.5 ಇಂಚಿನ ಪರದೆ, ಅದರ ಕೆಳಗೆ ನಿಜವಾದ ಬಟನ್ನುಗಳು. ಹೋಮ್ ಸ್ಕ್ರೀನಿನಲ್ಲಿ ಇದ್ದಾಗ ಖಾಲಿ ಇರೋ ಒಂದು ಅಕ್ಷರವನ್ನು ಒತ್ತಿ ಹಿಡಿದರೆ, ಇದಕ್ಕೇನು ಕೆಲಸ ಕೊಡಬೇಕು ಅಂತ ಅದೇ ಕೇಳುತ್ತೆ. ಆಪ್ ತೆರೆಯೋ ಕೆಲಸ ಕೊಡಬಹುದು, ಒಬ್ಬರಿಗೆ ನೇರವಾಗಿ ಫೋನ್ ಮಾಡೋ ಕೆಲಸ ಕೊಡಬಹುದು. ಒತ್ತಿ ಬಿಟ್ಟರೆ ಒಂದು, ಒತ್ತಿ ಹಿಡಿದರೆ ಇನ್ನೊಂದು. 26 ಅಕ್ಷರಕ್ಕೆ ಎರಡೆರಡು ಅಂದ್ರೆ ಒಟ್ಟು 52. ಫೋನಿನ ಪ್ರಚಾರದಲ್ಲೂ ಈ ಸಂಖ್ಯೆಯನ್ನೇ ದೊಡ್ಡದಾಗಿ ಹೇಳಿದ್ದರು.

ನಾನು ಓದಿದ್ದು ಬಿಇ, ಖಾಲಿ ಜಾಗ ಕಂಡರೆ ತುಂಬಲೇಬೇಕು. ಒಂದು ಭಾನುವಾರ ಕೂತು 52ನ್ನೂ ತುಂಬಿದೆ. ಎಂ ಒತ್ತಿದರೆ ಮೇಲ್, ಒತ್ತಿ ಹಿಡಿದರೆ ಮ್ಯಾಪ್. ಹಾಗಾದ್ರೆ ಮ್ಯೂಸಿಕ್‌ಗೆ? ಅದಕ್ಕೆ ಹಾಡಿನ ಎಚ್. ಕ್ಯಾಲ್ಕ್ಯುಲೇಟರಿಗೆ ಲೆಕ್ಕದ ಎಲ್. ಮುಂದಿನ ಭಾನುವಾರದ ಹೊತ್ತಿಗೆ ಎಲ್ಲಾ ಕಲಸುಮೇಲೋಗರ. ಹಾಡು ಬೇಕು ಅಂತ ಒತ್ತಿದರೆ ಹವಾಮಾನ ಬರ್ತಿತ್ತು. ತಪ್ಪು ನಂದೇ. ಕೊನೆಗೆ ಕೈಯಲ್ಲಿ ಉಳಿದದ್ದು ವಾಟ್ಸಾಪ್, ಕ್ಯಾಮೆರಾ, ಮೇಲ್, ನೋಟ್ಸ್, ಆಮೇಲೆ ಎ ಒತ್ತಿ ಹಿಡಿದರೆ ಅಪ್ಪ. ಐದೇ ಐದು.

ಆದರೆ ಎಲ್ಲಾ ತಪ್ಪೂ ನಂದಲ್ಲ. ಕೀಒನ್‌ನಲ್ಲಿ ಈ ಶಾರ್ಟ್‌ಕಟ್ಟುಗಳು ಕೆಲಸ ಮಾಡೋದು ಹೋಮ್ ಸ್ಕ್ರೀನಿನಲ್ಲಿ ಮಾತ್ರ. ಬ್ರೌಸರಿನಲ್ಲಿದ್ದೀರಿ, ಮೇಲ್‌ಗೆ ಹೋಗಬೇಕು ಅಂದ್ರೆ ಮೊದಲು ಹೋಮಿಗೆ ಬನ್ನಿ, ಆಮೇಲೆ ಎಂ ಒತ್ತಿ. ಪಕ್ಕದ ಹಳ್ಳಿಗೆ ಹೋಗೋಕೆ ತಾಲ್ಲೂಕು ಬಸ್ ಸ್ಟ್ಯಾಂಡಿಗೆ ಬಂದು ಬಸ್ ಬದಲಿಸಿದ ಹಾಗೆ. ಇದಕ್ಕೆ ಒಳದಾರಿ ಅಂತ ಯಾರು ಹೇಳ್ತಾರೆ? 2018ರ ಕೀ2ನಲ್ಲಿ ಇದನ್ನು ಸರಿಮಾಡಿದರು. ಕೀಬೋರ್ಡಿನಲ್ಲೇ ಸ್ಪೀಡ್ ಕೀ ಅಂತ ಒಂದು ಬಟನ್ ಕೊಟ್ಟರು. ಅದರ ಜೊತೆ ಅಕ್ಷರ ಒತ್ತಿದರೆ ಯಾವ ಆಪಿನಲ್ಲಿದ್ದರೂ ಕೆಲಸ ಆಗುತ್ತೆ. ಮೊದಲ ಫೋನಿಗೇ ಬರಬೇಕಾಗಿದ್ದು ಇದು. ಇದಿಲ್ಲದೆ 52 ಅನ್ನೋದು ಬರೀ ಎಣಿಕೆ.

ಶಾರ್ಟ್‌ಕಟ್ ಅಂದ್ರೆ ಏನು ಅಂತ ನನಗೆ ಸರಿಯಾಗಿ ಅರ್ಥವಾಗಿದ್ದು ಮಾತ್ರ ಬೇರೆ ಫೋನಿನಿಂದ.

ಊರಲ್ಲಿ ಅಪ್ಪನಿಗೆ ಒಂದು ಟಚ್ ಫೋನ್ ಕೊಡಿಸಿದ್ದೆ. ಗುದ್ದಲಿ ಹಿಡಿದು ಗಟ್ಟಿಯಾದ ಬೆರಳು, ಪರದೆಗೆ ಗೊತ್ತೇ ಆಗ್ತಿರಲಿಲ್ಲ. ನಾಲ್ಕು ದಿನಕ್ಕೆ ವಾಪಸ್ ಕೊಟ್ಟು, ತನ್ನ ಹಳೆ ಕೀಪ್ಯಾಡ್ ಫೋನನ್ನೇ ಅಂಗಿ ಜೇಬಿಗೆ ಹಾಕ್ಕೊಂಡರು. ಅದರಲ್ಲಿ ನನ್ನ ನಂಬರನ್ನು 5ಕ್ಕೆ ಹಾಕಿಕೊಟ್ಟೆ. 5ರ ಮೇಲೆ ಒಂದು ಸಣ್ಣ ಉಬ್ಬು ಇರುತ್ತಲ್ಲ, ಹೆಬ್ಬೆರಳಿಗೆ ತಾನಾಗೇ ಸಿಗುತ್ತೆ.

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಕರೆಂಟ್ ಇಲ್ಲ, ಅಪ್ಪನ ಕನ್ನಡಕ ಎಲ್ಲಿತ್ತೋ. ನನಗೆ ಫೋನ್ ಬಂತು. ನಾನು ಇಲ್ಲಿಂದ ಪಕ್ಕದ ಮನೆಯವರನ್ನು ಎಬ್ಬಿಸಿ ಕಾರು ಹೊರಡಿಸಿದೆ. ಸೊಂಟದ ಮೂಳೆ ಮುರಿದಿತ್ತು. ಈಗ ಕೋಲು ಹಿಡಿದು ಓಡಾಡ್ತಾರೆ. ಆಮೇಲೆ ಅಪ್ಪ ಹೇಳಿದ್ದು ಇಷ್ಟು: "ಕಣ್ಣಿಗೆ ಕಾಣ್ಲಿಲ್ಲ ಕಣಪ್ಪಾ, ಕೈಗೆ ಸಿಕ್ತು."

ಅಪ್ಪ ಇಲ್ಲಿವರೆಗೆ ಮೂರು ಫೋನ್ ಬದಲಿಸಿದ್ದಾರೆ, ಮೂರೂ ಬೇರೆ ಬೇರೆ ಕಂಪನಿಯವು. ನಂಬರನ್ನು ನಾನು ಮತ್ತೆ ಹಾಕಿಕೊಡಬೇಕಾಯ್ತು ನಿಜ, ಆದರೆ ಅವರ ಹೆಬ್ಬೆರಳು ಹೊಸದಾಗಿ ಏನೂ ಕಲಿಯಬೇಕಾಗಲಿಲ್ಲ. ನನ್ನ ಕನ್ನಡ ಟೈಪಿಂಗೂ ಹಾಗೇ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು ಸರ್ಕಾರ ಒಪ್ಪಿಕೊಂಡಿತು, ನುಡಿಯಲ್ಲೂ ಅದೇ ಬಂತು. ಒತ್ತಕ್ಷರಕ್ಕೆ ಎಫ್ ಒತ್ತಬೇಕು ಅಂತ ಕಾಲೇಜಿನಲ್ಲಿ ಕಲಿತ ಬೆರಳಿಗೆ, ಇವತ್ತಿನ ಲ್ಯಾಪ್‌ಟಾಪಿನಲ್ಲೂ ಅದೇ ಸಾಕು.

ಕೀಒನ್ ಬಗ್ಗೆ ನನ್ನ ನಿಜವಾದ ತಕರಾರು ಇದೇ. 2020ರ ಆಗಸ್ಟ್ 31ಕ್ಕೆ ಟಿಸಿಎಲ್ ಬ್ಲ್ಯಾಕ್‌ಬೆರಿ ಫೋನ್ ಮಾರೋದನ್ನೇ ನಿಲ್ಲಿಸಿತು. ಕೀಬೋರ್ಡ್ ಫೋನುಗಳ ಕಥೆ ಪೂರ್ತಿ ಮುಗಿದಿಲ್ಲ. ಯುನಿಹರ್ಟ್ಜ್‌ನ ಟೈಟನ್ ಇದೆ, ಐಫೋನಿಗೆ ಹಾಕೋ ಕ್ಲಿಕ್ಸ್ ಕೇಸ್ 2024ರಲ್ಲಿ ಬಂದಿದೆ. ಆದರೆ ಒಂದರಲ್ಲಿ ಕೈ ಕಲಿತದ್ದು ಇನ್ನೊಂದಕ್ಕೆ ಹಾಗೇ ಬರಲ್ಲ. ನಮ್ಮಿಷ್ಟದ ಶಾರ್ಟ್‌ಕಟ್ ಅಂತ ಹೆಸರು, ಇರೋ ಜಾಗ ಮಾತ್ರ ಕಂಪನಿಯದು. ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆದ ಹಾಗೆ.

ಹಾಗಂತ ಬೇಡ ಅನ್ನಲ್ಲ. ಇಂಥ ಫೋನ್ ಕೈಯಲ್ಲಿದ್ದರೆ ಐದು ಅಕ್ಷರಕ್ಕೆ ಮಾತ್ರ ಕೆಲಸ ಕೊಡಿ, ದಿನಾ ಬಳಸಿ, ಕಣ್ಮುಚ್ಚಿ ಒತ್ತೋಕೆ ಬರೋವರೆಗೂ ಆರನೆಯದನ್ನು ಸೇರಿಸಬೇಡಿ. ಮತ್ತೆ ಮುಂದಿನ ಸಲ ಊರಿಗೆ ಹೋದಾಗ ಅಪ್ಪ-ಅಮ್ಮನ ಫೋನ್ ತಗೊಂಡು, 5 ಒತ್ತಿ ಹಿಡಿದರೆ ಯಾರಿಗೆ ಹೋಗುತ್ತೆ ನೋಡಿ. ಯಾರಿಗೂ ಹೋಗದಿದ್ದರೆ ಅಲ್ಲೇ ಕೂತು ಹಾಕಿಕೊಡಿ. ಎರಡು ನಿಮಿಷದ ಕೆಲಸ.