ಕಡಲಿಗೆ ಬೆನ್ನು ಮಾಡಿ ನಿಲ್ಲಿ

ನಮ್ಮ ಸಿಂದಗಿ, ಇಂಡಿ, ಬಾಗೇವಾಡಿ ಕಡೆಯವರು ಕರಾವಳಿಗೆ ಹೊರಟರೆ ದಾರಿ ಮೊದಲೇ ಗೊತ್ತಾಗಿರುತ್ತದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಮಠದ ಊಟ, ಮಲ್ಪೆಯಲ್ಲಿ ನೀರಾಟ, ಮುರ್ಡೇಶ್ವರದಲ್ಲಿ ಲಿಫ್ಟ್ ಏರಿ ಗೋಪುರದ ತುದಿಯಿಂದ ಶಿವನ ಮೂರ್ತಿ, ಹೊತ್ತು ಉಳಿದರೆ ಗೋಕರ್ಣ. ಇದರ ನಡುವೆ ದೀಪಸ್ತಂಭ ಸಿಕ್ಕರೆ ಅದು ಕಾಪುವಿನದು. ಅದೂ ಡ್ರೈವರ್ ‘ಹಾದಿಮ್ಯಾಗ ಐತ್ರಿ, ಹತ್ತ ನಿಮಿಷ ಇಳದ ಬರ್ರಿ’ ಅಂದರೆ ಮಾತ್ರ. ಆ ಹತ್ತು ನಿಮಿಷದಲ್ಲಿ ಓಡುತ್ತ ಏರಿ, ಕಠಡಾ ಹಿಡಿದು ಕಡಲಿನ ಫೋಟೊ ತೆಗೆದು, ಓಡುತ್ತ ಇಳಿಯುತ್ತಾರೆ. ಬಹುಪಾಲು ಮಂದಿ ದೀಪವನ್ನೇ ನೋಡಿರುವುದಿಲ್ಲ.

ಕಡಲು ಕೆಳಗೂ ಇದೆ, ಮಲ್ಪೆಯಲ್ಲೂ ಇದೆ. ಅಷ್ಟು ಮೆಟ್ಟಿಲು ಏರಿದ್ದು ದೀಪಕ್ಕಾಗಿ. ಮೇಲೆ ಹೋದಮೇಲೆ ಐದು ನಿಮಿಷವಾದರೂ ಕಡಲಿಗೆ ಬೆನ್ನು ಮಾಡಿ, ಗಾಜಿನ ಕೋಣೆಯ ಒಳಗೆ ಕಣ್ಣು ಹಾಕಿ.

ಕಾಪುವಿನ ಸ್ತಂಭ ಕಟ್ಟಿದ್ದು 1901ರಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು, ನಮ್ಮ ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿ. ಕಡಲಂಚಿನ ಕರಿ ಬಂಡೆಯನ್ನೇ ಪಾಯ ಮಾಡಿಕೊಂಡು ಎದ್ದ ಇದರ ಎತ್ತರ 27.12 ಮೀಟರ್, ಹತ್ತಿರ ಹತ್ತಿರ 89 ಅಡಿ. ವಿಜಯಪುರದ ಉಪ್ಪಲಿ ಬುರುಜು 80 ಅಡಿ. ಬುರುಜಿನ ಹೊರಮೈಗೆ ಸುತ್ತಿಕೊಂಡ ಕಲ್ಲಿನ ಮೆಟ್ಟಿಲನ್ನು ನಿಲ್ಲದೆ ಏರಿದವರು ಕಾಪುವನ್ನೂ ಏರಬಲ್ಲರು. ಆದರೆ 1584ರ ಸುಮಾರಿಗೆ ಹೈದರ್ ಖಾನ್ ಆ ಬುರುಜು ಕಟ್ಟಿಸಿದ್ದು ದೂರದಿಂದ ಬರುವವರನ್ನು ತಾನು ಕಾಣಬೇಕೆಂದು. ಕಾಪುವಿನದು ಬರುವವರಿಗೆ ತಾನು ಕಾಣಬೇಕೆಂದು ನಿಂತದ್ದು. ಎರಡನ್ನೂ ಏರಿದ ಮೇಲೆ ಈ ವ್ಯತ್ಯಾಸ ಕಾಲಿಗೂ ತಿಳಿಯುತ್ತದೆ. ಬುರುಜಿನ ತಲೆಯ ಮೇಲೆ ತೋಪು ಮಲಗಿದೆ, ಸ್ತಂಭದ ತಲೆಯ ಮೇಲೆ ಗಾಜು ಕೂತಿದೆ.

ಆ ಗಾಜಿನ ಮುಂದೆ ಒಮ್ಮೆ ನಮ್ಮ ಕಡೆಯ ರೈತರೊಬ್ಬರು ನಿಂತುಬಿಟ್ಟಿದ್ದರು. ಮನೆಯವರೆಲ್ಲ ಆಚೆ ಫೋಟೊದಲ್ಲಿ ಮುಳುಗಿದ್ದರು. ಹಿರಿಯರು ಅಲ್ಲಿನ ಸಿಬ್ಬಂದಿಯನ್ನು ಕೇಳಿದರು: ‘ಸಾಹೇಬ್ರ, ಇಟ ಸಣ್ಣ ಬಲ್ಬಿನ್ಯಾಗ ಆಟ ಬೆಳಕ ಹೆಂಗ ಬರ್ತದ್ರಿ?’ ಉತ್ತರವೂ ಅಷ್ಟೇ ಚೊಕ್ಕಟವಾಗಿತ್ತು: ‘ಬಲ್ಬಿನದ್ದಲ್ಲ ಮಾರಾಯ್ರೇ, ಎಲ್ಲ ಈ ಗಾಜಿನ ಕೆಲಸ.’

ಗಾಜಿನ ಕೆಲಸ ಏನೆಂದರೆ ಇಷ್ಟು. ದೀಪ ಹಚ್ಚಿದರೆ ಬೆಳಕು ಮೇಲೆ, ಕೆಳಗೆ, ಹಿಂದೆ, ಮುಂದೆ ಎಲ್ಲ ಕಡೆ ಚೆಲ್ಲುತ್ತದೆ. ಹಡಗಿಗೆ ಬೇಕಾದದ್ದು ದಿಗಂತದ ಮಟ್ಟದಲ್ಲಿ ಹೋಗುವ ಬೆಳಕು ಮಾತ್ರ. ಚೆಲ್ಲುವುದನ್ನೆಲ್ಲ ಒಟ್ಟುಗೂಡಿಸಿ ಮುಂದಕ್ಕೆ ತಳ್ಳಲು ದೊಡ್ಡ ಮಸೂರ ಬೇಕು, ಆದರೆ ಅಷ್ಟು ದಪ್ಪದ ಗಾಜು ಭಾರಕ್ಕೇ ನಿಲ್ಲದು, ಬೆಳಕನ್ನೂ ನುಂಗುತ್ತದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಒಂದು ಉಪಾಯ ಮಾಡಿದ. ಬೆಳಕು ಬಾಗುವುದು ಗಾಜಿನ ಮೈಯಲ್ಲಿ, ಹೊಟ್ಟೆಯಲ್ಲಲ್ಲ. ಹಾಗಾಗಿ ಹೊಟ್ಟೆಯನ್ನೆಲ್ಲ ಕೊರೆದು ತೆಗೆದು, ಮೈಯನ್ನಷ್ಟೇ ಉಂಗುರ ಉಂಗುರವಾಗಿ ಜೋಡಿಸಿದ. 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಅದು ಮೊದಲು ಉರಿಯಿತು. ಮುಂದೆ ಮಸೂರದ ಮೇಲೂ ಕೆಳಗೂ ಪಟ್ಟಕಗಳ ಸಾಲು ಸೇರಿ, ತಪ್ಪಿಸಿಕೊಳ್ಳುತ್ತಿದ್ದ ಬೆಳಕನ್ನೂ ಹಿಡಿದು ತಿರುಗಿಸಿದವು. ಹತ್ತಿರ ನಿಂತು ನೋಡಿದರೆ ಅಂಚಿನಲ್ಲಿ ಹಸಿರು ಛಾಯೆ, ಒಳಗೆ ನಿಮ್ಮದೇ ಮುಖ ತಲೆಕೆಳಗಾಗಿ, ಹೋಳು ಹೋಳಾಗಿ ಕಾಣುತ್ತದೆ. ಮಕ್ಕಳಿಗೆ ಇದನ್ನು ತೋರಿಸದೆ ಇಳಿಸಬೇಡಿ.

ಹಗಲಿನಲ್ಲಿ ಕೆಲವು ಸ್ತಂಭಗಳ ಗಾಜಿನ ಕೋಣೆಗೆ ಪರದೆ ಎಳೆದಿರುತ್ತಾರೆ. ಧೂಳಿಗಾಗಿ ಅಂದುಕೊಳ್ಳಬೇಡಿ. ಒಳಗಿನ ಬೆಳಕನ್ನು ಹೊರಗೆ ಒಟ್ಟಾಗಿ ಕಳಿಸುವ ಮಸೂರ, ಹೊರಗಿನ ಬಿಸಿಲನ್ನೂ ಒಳಕ್ಕೆ ಒಟ್ಟಾಗಿ ತರುತ್ತದೆ. ಪರದೆ ಇಲ್ಲದಿದ್ದರೆ ನಡುವಿನ ದೀಪವೇ ಸುಟ್ಟೀತು. ಹಿಂದೆ ಮಣಗಟ್ಟಲೆ ತೂಕದ ಈ ಗಾಜಿನ ಗೂಡನ್ನು ಪಾದರಸದ ತೊಟ್ಟಿಯಲ್ಲಿ ತೇಲಿಬಿಟ್ಟು ತಿರುಗಿಸುತ್ತಿದ್ದರು. ತಿರುಗಿಸಲು ಗಡಿಯಾರದಂಥ ಯಂತ್ರ, ಅದಕ್ಕೆ ತೂಗುಬಿಟ್ಟ ಗುಂಡು. ಗುಂಡು ಕೆಳಗಿಳಿದಂತೆ ಕಾವಲಿನವರು ರಾತ್ರಿಯಲ್ಲಿ ಎದ್ದೆದ್ದು ಮತ್ತೆ ಮೇಲಕ್ಕೆ ಸುತ್ತಬೇಕು. ಸೀಮೆ‌ಎಣ್ಣೆಯ ದೀಪದ ಕಾಲದಲ್ಲಿ ಅವರಿಗೆ ಪೂರ್ತಿ ನಿದ್ದೆಯ ರಾತ್ರಿ ಇರಲಿಲ್ಲ.

ಇನ್ನು ಎತ್ತರದ ಲೆಕ್ಕ. ಭೂಮಿ ದುಂಡಗಿರುವುದರಿಂದ 9 ಮೀಟರ್ ಎತ್ತರದಲ್ಲಿಟ್ಟ ದೀಪ ನೀರಿನ ಮಟ್ಟದ ಕಣ್ಣಿಗೆ ಸುಮಾರು 11 ಕಿ.ಮೀ. ದೂರದವರೆಗೆ ಕಾಣುತ್ತದೆ. ಎತ್ತರವನ್ನು ನಾಲ್ಕು ಪಟ್ಟು ಮಾಡಿ 36 ಮೀಟರ್‌ಗೆ ಏರಿಸಿದರೆ ದೂರ ಎರಡೇ ಪಟ್ಟು, 21 ಕಿ.ಮೀ. ಆದಕಾರಣ ಸುಮ್ಮನೆ ಎತ್ತರಕ್ಕೆ ಕಟ್ಟುತ್ತ ಹೋಗುವುದಕ್ಕಿಂತ ಬಂಡೆ, ಗುಡ್ಡ, ದ್ವೀಪ ಹುಡುಕುವುದೇ ಜಾಣತನ. ಹಗಲಿನಲ್ಲಿ ಸ್ತಂಭ ಮಾಡುವ ಕೆಲಸ, ಸಿಂದಗಿ ದಾರಿಯಿಂದ ವಿಜಯಪುರಕ್ಕೆ ಬರುವವರಿಗೆ ಗೋಳಗುಮ್ಮಟ ಮಾಡುವ ಕೆಲಸ: ಊರು ಬಂತು ಎಂದು ದೂರದಿಂದಲೇ ಹೇಳುವುದು.

ದೀಪದ ಕೆಲಸ ನೋಡಬೇಕಾದರೆ ಕತ್ತಲಾಗಬೇಕು, ನಮ್ಮವರು ತಪ್ಪಿಸಿಕೊಳ್ಳುವುದು ಇದನ್ನೇ. ಸ್ತಂಭ ಏರಲು ಬಿಡುವುದು ಕತ್ತಲಾಗುವ ಮುಂಚೆ ಮಾತ್ರ. ಇಳಿದವರು ಗಾಡಿ ಹತ್ತದೆ ದಂಡೆಯಲ್ಲೇ ಕೂತು ದೀಪ ಹೊತ್ತಿಕೊಂಡ ಮೇಲೆ ಎಣಿಸಬೇಕು. ಎಷ್ಟು ಮಿಂಚು, ನಡುವೆ ಎಷ್ಟು ಕತ್ತಲು, ಮತ್ತೆ ಮೊದಲಿನಿಂದ ಶುರುವಾಗಲು ಎಷ್ಟು ಸೆಕೆಂಡು. ಒಂದೇ ದಂಡೆಯ ಅಕ್ಕಪಕ್ಕದ ದೀಪಗಳ ಮಿಂಚು ಒಂದೇ ಬಗೆಯಾಗಿರದಂತೆ ನೋಡಿಕೊಂಡಿರುತ್ತಾರೆ. ಕಡಲಿನ ನಕಾಶೆಯಲ್ಲಿ ಪ್ರತಿ ದೀಪದ ಪಕ್ಕ ಅದರ ಲೆಕ್ಕ ಬರೆದಿರುತ್ತದೆ. ನಾವಿಕ ಎಣಿಸಿ, ನಕಾಶೆ ನೋಡಿ, ತಾನಿರುವುದು ಎಲ್ಲಿ ಎಂದು ಗುರುತಿಸುತ್ತಾನೆ. ಈಗ ಹಡಗಿನಲ್ಲಿ ಜಿಪಿಎಸ್ ಇದೆ, ಸರಿ. ಆದರೆ ಯಂತ್ರ ಹೇಳಿದ್ದು ನಿಜವೇ ಎಂದು ಕಣ್ಣಾರೆ ತಾಳೆ ನೋಡಲು ಇವತ್ತಿಗೂ ಇರುವುದು ಈ ದೀಪವೇ.

ಕಾಪು ಚೆಂದ, ಆದರೆ ನನ್ನ ಮನಸ್ಸು ನಿಂತಿರುವುದು ಕಾರವಾರದ ದೇವಗಡ ದ್ವೀಪದ ದೀಪದಲ್ಲಿ. ಆಯ್ಸ್ಟರ್ ರಾಕ್ ಎಂದು ಇಂಗ್ಲಿಷರು ಕರೆದ ಈ ದ್ವೀಪದಲ್ಲಿ ದೀಪ ಹೊತ್ತಿದ್ದು 1864ರಲ್ಲಿ, ಕಾಪುವಿಗಿಂತ 37 ವರ್ಷ ಮೊದಲು. ಪೋರ್ಚುಗೀಸರು ಗೋವಾದ ಅಗುವಾಡ ಕೋಟೆಯ ಸ್ತಂಭ ಕಟ್ಟಿದ್ದೂ ಅದೇ ವರ್ಷ. ಕಾರವಾರದಲ್ಲಿ ಆಗಲೇ ಯಾಕೆ? ಉತ್ತರ ಹುಡುಕುತ್ತ ಹೋದರೆ ಘಟ್ಟ ಏರಿ ನಮ್ಮ ಎರೆಭೂಮಿಯ ಹತ್ತಿಹೊಲಕ್ಕೆ ಬಂದು ನಿಲ್ಲುತ್ತೇವೆ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿತ್ತು. ಅಲ್ಲಿಯ ಹತ್ತಿ ನಂಬಿಕೊಂಡಿದ್ದ ಲ್ಯಾಂಕಾಶೈರಿನ ಗಿರಣಿಗಳು ನಿಂತವು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಮೇಲೆ ಬಿತ್ತು, ಯಾಕೆಂದರೆ ಅಮೆರಿಕದ ತಳಿಯ ಹತ್ತಿ 1840ರ ದಶಕದಿಂದಲೇ ಅಲ್ಲಿಯ ಎರೆಮಣ್ಣಿಗೆ ಒಗ್ಗಿಕೊಂಡಿತ್ತು. ಹತ್ತಿ ಇತ್ತು, ಹಡಗಿಗೆ ಏರಿಸುವ ಜಾಗ ಇರಲಿಲ್ಲ. ಕಾಳಿ ನದಿ ಕಡಲು ಸೇರುವಲ್ಲಿ, ಸದಾಶಿವಗಡದ ಬುಡದಲ್ಲಿ ಬಂದರು ಮಾಡಿ ಎಂದು ಮ್ಯಾಂಚೆಸ್ಟರ್ ಕಾಟನ್ ಕಂಪನಿ ಒತ್ತಾಯ ಹಿಡಿಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರೂ ಒಂದೇ ಆಡಳಿತಕ್ಕೆ ಬಂದವು. ಹತ್ತಿಯ ಬಂಡಿ ಇಳಿಯಲೆಂದು ಘಟ್ಟದಲ್ಲಿ ರಸ್ತೆ ಕಡಿದರು. ಅದರ ಬೆನ್ನಿಗೇ ದ್ವೀಪದ ಮೇಲೆ ದೀಪ.

ಅಂದರೆ ಆ ದೀಪಕ್ಕೆ ಎಣ್ಣೆ ಹೊಯ್ದದ್ದು ಹತ್ತಿ. ದೀಪಾವಳಿ ಮುಗಿದ ಮೇಲೆ ಸಿಂದಗಿಯ ರಸ್ತೆಗಳಲ್ಲಿ ಟ್ರ್ಯಾಕ್ಟರ್ ತುಂಬ ಬಿಳಿ ರಾಶಿ ಹೋಗುವುದನ್ನು ಕಂಡಾಗಲೆಲ್ಲ ನನಗೆ ಹುಬ್ಬಳ್ಳಿ ಕಡೆಯಿಂದ ಘಟ್ಟ ಇಳಿದ ಬಂಡಿಗಳ ನೆನಪಾಗುತ್ತದೆ. ಎತ್ತು ಹೊಡೆದವರ ಹೆಸರು ಯಾವ ಸ್ತಂಭದ ಮೇಲೂ ಇಲ್ಲ.

ಭಾಗ್ಯ ಬಹಳ ದಿನ ಬಾಳಲಿಲ್ಲ. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ದರ ಕುಸಿಯಿತು. 1880ರ ದಶಕದ ಕೊನೆಗೆ ಗೋವಾದ ಮುರ್ಮಗೋವಾ ಬಂದರಿಗೆ ರೈಲುಹಾದಿ ಬಂದು, ಕಾರವಾರಕ್ಕೆ ಇಳಿಯುತ್ತಿದ್ದ ಸರಕು ಆ ಕಡೆ ಹೊರಳಿತು. ದೀಪ ಮಾತ್ರ ಉಳಿಯಿತು. ಹತ್ತಿಗಾಗಿ ಹುಟ್ಟಿದ್ದು ಮುಂದೆ ಮೀನುಗಾರರಿಗೆ, ಬಂದು ಹೋಗುವ ಎಲ್ಲ ಹಡಗಿಗೂ ದಾರಿ ತೋರಿತು.

ಮಂಗಳೂರಿನಲ್ಲಿ ಲೈಟ್‌ಹೌಸ್ ಹಿಲ್ ಎಂಬ ಹೆಸರು ಕೇಳಿ ಹೋದವರಿಗೆ ಉರಿಯುವ ದೀಪ ಸಿಗುವುದಿಲ್ಲ, ಹಳೆಯ ಗೋಪುರವಷ್ಟೇ ಸಿಗುತ್ತದೆ. ಆದರೂ ಹೋಗಬೇಕು. ಅದು ಬಾವುಟಗುಡ್ಡ. 1837ರ ಅಮರ ಸುಳ್ಯದ ದಂಗೆಯಲ್ಲಿ ಕೆದಂಬಾಡಿ ರಾಮಯ್ಯಗೌಡರ ಪಡೆ ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ ಜಾಗ. ಸುರತ್ಕಲ್ಲಿನ ಸ್ತಂಭ 1972ರದು, ಪಣಂಬೂರಿನ ಹೊಸ ಬಂದರಿನ ಓರಗೆಯದು. ಹಳೆಯದರ ರುಚಿ ಹತ್ತಿದವರಿಗೆ ಅದು ತುಸು ಸಪ್ಪೆ, ಆದರೆ ಅದರ ಬುಡದ ಬಂಡೆಗಳ ಮೇಲೆ ಕೂತು ಮಿಂಚು ಎಣಿಸಲು ಅಡ್ಡಿಯಿಲ್ಲ.

ದೇಶದ 75 ದೀಪಸ್ತಂಭಗಳಲ್ಲಿ ಮಾಡಿದ ಪ್ರವಾಸಿ ಸೌಕರ್ಯಗಳನ್ನು 2024ರ ಫೆಬ್ರುವರಿಯಲ್ಲಿ ಪ್ರಧಾನಿ ಉದ್ಘಾಟಿಸಿದರು. ಒಳ್ಳೆಯದೇ. ಆದರೆ ಉದ್ಯಾನ, ಆಟದ ಜಾಗದ ಜತೆಗೆ ಮಸೂರದ ಪಕ್ಕ ಕನ್ನಡದಲ್ಲಿ ನಾಲ್ಕು ಸಾಲಿನ ಫಲಕವೊಂದು ಬೇಕು. ಯಾವಾಗ ಹೊತ್ತಿದ್ದು, ಯಾರಿಗಾಗಿ, ಎಷ್ಟು ಮಿಂಚು ಎಂದು ಅದರಲ್ಲಿದ್ದರೆ ಸಾಕು.

ಹೋಗುವುದಾದರೆ ಮಳೆಗಾಲ ಮುಗಿದ ಮೇಲೆ ಹೋಗಿ. ವಿಜಯಪುರದಿಂದ ಮಂಗಳೂರಿಗೆ ನೇರ ರೈಲಿದೆ. ದೇವಗಡಕ್ಕೆ ಕಾರವಾರದಿಂದ ದೋಣಿಯಲ್ಲೇ ಹೋಗಬೇಕು. ಹೊರಡುವ ಮುಂಚೆ ಅನುಮತಿಯ ವಿಷಯ ವಿಚಾರಿಸಿಕೊಳ್ಳಿ. ಕಡಲು ಸರಿಯಿಲ್ಲ ಎಂದು ದೋಣಿಯವರು ಅಂದರೆ ಒತ್ತಾಯ ಮಾಡಬೇಡಿ, ಟ್ಯಾಗೋರ್ ಕಡಲತೀರದಲ್ಲೇ ಕತ್ತಲಾಗುವವರೆಗೆ ಕೂಡಿ.

ನಮ್ಮ ತಾಲೂಕಿನ ಶಾಲೆಗಳ ಮಾಸ್ತರರಿಗೆ, ಅಕ್ಕೋರಿಗೆ ನನ್ನದೊಂದು ಕೇಳಿಕೆ. ಡಿಸೆಂಬರಿನ ಶೈಕ್ಷಣಿಕ ಪ್ರವಾಸದಲ್ಲಿ ಮಲ್ಪೆಯನ್ನು ಬೆಳಿಗ್ಗೆಗೆ ಹಾಕಿ, ಸಂಜೆಯನ್ನು ಕಾಪುವಿಗೆ ಬಿಡಿ. ಮಸೂರದ ಪಾಠವನ್ನು ಮೇಲೆ ಗಾಜಿನ ಮುಂದೆ ಮಾಡಿ, ಇಳಿದ ಮೇಲೆ ಪ್ರತಿ ಹುಡುಗ ಹುಡುಗಿಯೂ ಮಿಂಚು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ರಾತ್ರಿಯ ಊಟ ಒಂದು ತಾಸು ತಡವಾದರೂ ನಡೆಯುತ್ತದೆ.