ಮೇಲಿಂದ ನೋಡಿದರೆ ಎಲ್ಲಾ ಕಾಡೇ

ಹಕ್ಕಿ ನೋಡುವವರ ಚೀಲದಲ್ಲಿ ಬೈನಾಕ್ಯುಲರ್, ಸಲೀಂ ಅಲಿ ಪುಸ್ತಕ ಇರೋದು ಹಳೇ ಕಥೆ. ಈಗ ಹೊರಡುವ ಹಿಂದಿನ ರಾತ್ರಿ ಗೂಗಲ್ ಅರ್ಥ್ ತೆರೆದು ಕೂರೋದೂ ಪದ್ಧತಿಯಾಗಿದೆ. 2005ರಲ್ಲಿ ಇದು ಪುಕ್ಕಟೆ ಸಿಕ್ಕಾಗ ನಾವೆಲ್ಲ ಮೊದಲು ಹುಡುಕಿದ್ದು ನಮ್ಮ ಮನೆಯ ಹೆಂಚನ್ನು. ಹಕ್ಕಿ ಹುಡುಕೋಕೂ ಆಗುತ್ತೆ ಅಂತ ಆಮೇಲೆ ಗೊತ್ತಾಯ್ತು. ಎಷ್ಟರಮಟ್ಟಿಗೆ ಅನ್ನೋದೇ ಪ್ರಶ್ನೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ, ಇದನ್ನು ಟೆಸ್ಟ್ ಮಾಡೋಕೆ ಕೊಡಗಿಗಿಂತ ಒಳ್ಳೇ ಜಾಗ ಕಾಣಲಿಲ್ಲ.

ಮೊದಲು ಒಳ್ಳೇ ಮಾತು. ತಡಿಯಂಡಮೋಳ್ ಬೆಟ್ಟದ ಎತ್ತರ 1,748 ಮೀಟರ್. ಅಲ್ಲಿನ ಹುಲ್ಲುಗಾವಲು ಬೇಸಿಗೆಯ ಚಿತ್ರದಲ್ಲಿ ಕಂದು, ಕಣಿವೆಯ ಮಡಿಕೆಗಳಲ್ಲಿರುವ ಶೋಲಾ ಕಾಡು ಕಡುಹಸಿರು. ಎರಡೂ ಸೇರುವ ಅಂಚನ್ನು ಮಕ್ಕಳೂ ಗುರುತಿಸಬಹುದು. ನೀಲಗಿರಿ ಮರಪಾರಿವಾಳ ನೋಡಬೇಕಿದ್ದವರು ಹಸಿರಿನ ಕಡೆ ನಡೆದರಾಯಿತು. ಸಿಳ್ಳಾರ ಬೇಕಿದ್ದರೆ ನೆರಳಿನ ತೊರೆ ಹುಡುಕಬೇಕು. ಚಿತ್ರವನ್ನು ಸ್ವಲ್ಪ ಓರೆ ಮಾಡಿದರೆ ತೊರೆ ಇಳಿಯುವ ದಾರಿ ತಾನಾಗೇ ಕಾಣುತ್ತೆ. ಒಂದು ಗುರುತು ಹಾಕಿ, ಜಿಪಿಎಸ್‌ಗೆ ಏರಿಸಿಕೊಂಡು, ಬೆಳಕು ಹರಿಯೋ ಮುಂಚೆ ಹೊರಡಬಹುದು. ದಾರಿ ತೋರಿಸೋ ಕೆಲಸಕ್ಕೆ ಪೂರ್ತಿ ಅಂಕ.

ಬೆಟ್ಟ ಇಳಿದು ತೋಟಕ್ಕೆ ಬಂದ ಕೂಡಲೇ ಕಷ್ಟ ಶುರು. ಕೊಡಗಿನ ಕಾಫಿ ಬೆಳೆಯೋದು ಮರದ ನೆರಳಲ್ಲಿ. ಕ್ಯಾಮೆರಾ ಇರೋದು ಆಕಾಶದಲ್ಲಿ. ಅದಕ್ಕೆ ಕಾಣೋದು ಮರದ ನೆತ್ತಿ ಮಾತ್ರ, ಬುಡದಲ್ಲಿರೋದು ಕಾಫಿ ಗಿಡವೋ ಕಾಡುಪೊದೆಯೋ ಅಲ್ಲ. ಊರಿನ ದೇವರಕಾಡನ್ನೇ ನೋಡಿ. ಕೊಡಗಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ, ಎಷ್ಟೋ ಒಂದೆರಡು ಎಕರೆಯವು. ಪರದೆಯ ಮೇಲೆ ಅವು ಪಕ್ಕದ ತೋಟದ ಹಸಿರಲ್ಲಿ ಕರಗಿ ಹೋಗುತ್ತವೆ.

ಹೋಗಲಿ, ತೋಟದಲ್ಲೂ ಹಕ್ಕಿ ಇರುತ್ತಲ್ಲ ಅಂತೀರಾ? ಇರುತ್ತೆ, ಯಾವ ತೋಟ ಅನ್ನೋದರ ಮೇಲೆ. ಮಂಗಟ್ಟೆ ಹಕ್ಕಿಯ ಸಂಸಾರ ಗೊತ್ತಲ್ಲ: ಹೆಣ್ಣು ಹಳೇ ಮರದ ಪೊಟರೆ ಹೊಕ್ಕು ಬಾಗಿಲು ಮೆತ್ತಿಕೊಂಡು ಕೂರುತ್ತೆ, ಗಂಡು ಸಣ್ಣ ಸೀಳಿನಿಂದ ಊಟ ಕೊಡುತ್ತೆ. ಅದಕ್ಕೆ ಪೊಟರೆ ಬೀಳುವಷ್ಟು ವಯಸ್ಸಾದ ಮರ ಬೇಕು, ಹಣ್ಣಿಗೆ ಅತ್ತಿ, ಬಸರಿ, ಗೋಳಿ ಬೇಕು. ಇವೆಲ್ಲ ಇರುವ ಹಳೇ ತೋಟಕ್ಕೆ ಮಂಗಟ್ಟೆ ಬರುತ್ತೆ. ಪಕ್ಕದವರು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೆಟ್ಟಿದ್ದಾರೆ. ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಊರಮರ ಕಡಿಯೋಕೆ ಇರುವಷ್ಟು ಕಾನೂನಿನ ತಲೆನೋವಿಲ್ಲ. ಬೆಳೆಗಾರರ ಲೆಕ್ಕ ತಪ್ಪಲ್ಲ. ಆದರೆ ಆ ಮರದಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಮನೆಯೂ ಇಲ್ಲ. ದೂರದಿಂದ ನೋಡಿದರೆ ಎರಡೂ ತೋಟ ಹಸಿರೇ. ತುಂಬಾ ಹತ್ತಿರ ಹೋದರೆ ಸಾಲು ಹಿಡಿದು ನೆಟ್ಟಿರೋದು ಕಾಣಬಹುದು, ಅದೂ ಆ ಜಾಗದ ಚಿತ್ರ ಸ್ಪಷ್ಟವಾಗಿದ್ದರೆ.

ಇದು ಹಕ್ಕಿ ಹುಚ್ಚಿನವರ ಗೋಳು ಮಾತ್ರವಲ್ಲ. ದೇಶದ ಅರಣ್ಯ ಲೆಕ್ಕ ಹಾಕುವ ಭಾರತೀಯ ಅರಣ್ಯ ಸರ್ವೇಕ್ಷಣೆಯೂ ಉಪಗ್ರಹದ ಚಿತ್ರ ನೋಡಿಯೇ ಹೇಳೋದು. ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇಕಡಾ 10ರಷ್ಟು ಮರದ ಹೊದಿಕೆ ಇದ್ದರೆ ಅದು ಅರಣ್ಯ ಹೊದಿಕೆ. ಮಾಲೀಕರು ಯಾರು, ಮರ ಯಾವ ಜಾತಿ ಅಂತ ಕೇಳೋದಿಲ್ಲ. ಹೀಗಾಗಿ ಅತ್ತಿ, ಗೋಳಿ ಹೋಗಿ ಸಿಲ್ವರ್ ಓಕ್ ಬಂದರೂ ವರದಿಯಲ್ಲಿ ಕಾಡು ಹಾಗೇ ಇರುತ್ತೆ. ಕಾಡು ಕಮ್ಮಿ ಆಗಿಲ್ಲ ಅಂತ ಪತ್ರಿಕೆಯಲ್ಲಿ ಓದಿ ನಾವೂ ಖುಷಿಪಡುತ್ತೇವೆ.

ಹಾಗಾಗಿ ನನ್ನ ಶಿಫಾರಸು ಇಷ್ಟೇ. ಎತ್ತರ, ಇಳಿಜಾರು, ನೀರಿನ ದಾರಿ ಇವನ್ನು ಗೂಗಲ್ ಅರ್ಥ್‌ನಿಂದ ತಗೊಳ್ಳಿ. ಮರ ಯಾವುದು ಅಂತ ತೋಟದಲ್ಲಿ ಕೆಲಸ ಮಾಡುವವರನ್ನು ಕೇಳಿ. ಯಾವ ಗೋಳಿ ಯಾವಾಗ ಹಣ್ಣಾಗುತ್ತೆ ಅನ್ನೋದು ಅವರಿಗೆ ಬಾಯಿಪಾಠ. ಕೇಳಿದ್ದನ್ನು ನಕ್ಷೆಯ ಮೇಲೆ ಬರೆದಿಡಿ: ಇಲ್ಲಿ ಅತ್ತಿ, ಇಲ್ಲಿ ಸಿಲ್ವರ್ ಓಕ್, ಇಲ್ಲಿ ದೇವರಕಾಡು. ಗೂಡಿನ ಜಾಗ ಮಾತ್ರ ಗುರುತು ಹಾಕಿ ಹಂಚಬೇಡಿ, ಮರಿ ಕದಿಯೋರಿಗೂ ಇಂಟರ್ನೆಟ್ ಇದೆ. ಹತ್ತು ವರ್ಷ ಬಿಟ್ಟು ಅದೇ ಹಸಿರಿನ ಮೇಲೆ ನಿಮ್ಮ ಗುರುತುಗಳನ್ನು ಇಟ್ಟು ನೋಡಿದರೆ, ಹೋದದ್ದೇನು ಅಂತ ಹೇಳೋಕಾದರೂ ಒಂದು ಲೆಕ್ಕ ಇರುತ್ತೆ.